ರಿಲೇ: ಬೇಟೆನಾಯಿಯ ಬೆನ್ನುಹತ್ತಿ

ರಿಲೇ ಎಂಬ ಮಾತು ಮೂಲತಃ ನಾಯಿಗಳದ್ದು. ಕರೆಂಟಿನವರ ಕೈಗೆ, ಓಟದ ಮೈದಾನಕ್ಕೆ, ರೇಡಿಯೊ ಕೇಂದ್ರಕ್ಕೆ ಅದು ಬಂದದ್ದು ಶತಮಾನಗಳು ಕಳೆದ ಮೇಲೆ. ಮಧ್ಯಯುಗದ ಫ್ರಾನ್ಸಿನ ದೊರೆಗಳಿಗೆ ಸಾರಂಗದ ಬೇಟೆ ಎಂದರೆ ದಿನವಿಡೀ ನಡೆಯುವ ದೊಡ್ಡ ಕಲಾಪ. ಬಲಿತ ಗಂಡು ಸಾರಂಗ ಒಮ್ಮೆ ಓಟ ಕಿತ್ತರೆ ಮೈಲಿಗಟ್ಟಲೆ ನಿಲ್ಲುವುದಿಲ್ಲ. ಬೆನ್ನಟ್ಟಿದ ನಾಯಿಗಳ ನಾಲಿಗೆಯೇ ಮೊದಲು ಜೋತುಬೀಳುತ್ತದೆ. ಹಾಗಾಗಿ ಬೇಟೆಯ ಯಜಮಾನ ಪ್ರಾಣಿ ಯಾವ ದಾರಿ ಹಿಡಿದೀತು ಎಂದು ಮೊದಲೇ ಲೆಕ್ಕ ಹಾಕಿ, ದಾರಿಯುದ್ದಕ್ಕೂ ಅಲ್ಲಲ್ಲಿ ಒಬ್ಬೊಬ್ಬ ಆಳಿನ ಕೈಗೆ ಹಗ್ಗ ಕೊಟ್ಟು ಹೊಸ ನಾಯಿಗಳನ್ನು ಕಾಯಿಸುತ್ತಿದ್ದ. ಸಾರಂಗ ಹಾದುಹೋಯಿತೋ, ಹಗ್ಗ ಬಿಚ್ಚಬೇಕು. ಹೀಗೆ ಕಾದಿರಿಸಿದ ನಾಯಿಗಳ ಗುಂಪಿಗೆ ಹಳೆಯ ಫ್ರೆಂಚಿನಲ್ಲಿ ‘ರಿಲೇ’ ಎಂದು ಹೆಸರು. ‘ಲಾಯೇ’ ಎಂದರೆ ಬಿಡು, ಹಿಂದಿರುವ ‘ರ’ಕಾರದ ಪ್ರತ್ಯಯಕ್ಕೆ ಮತ್ತೆ ಎಂಬ ಅರ್ಥ. ನಮ್ಮ ‘ಛೂ ಬಿಡು’ ಇದೆಯಲ್ಲ, ಆ ‘ಬಿಡು’ವೇ ಇಲ್ಲಿಯೂ ಕ್ರಿಯಾಪದ. ಇಂಗ್ಲಿಷಿನಲ್ಲಿ ಇಡುವುದಕ್ಕೆ ‘ಲೇ’ ಎನ್ನುತ್ತಾರಾದ್ದರಿಂದ ರಿಲೇ ಎಂದರೆ ಮತ್ತೆ ಇಡುವುದು ಎಂದು ಅಂದಾಜು ಮಾಡುವವರಿದ್ದಾರೆ. ಕಾಗುಣಿತ ನೋಡಿ ಮೋಸಹೋಗುವುದು ಎಂದರೆ ಇದೇ.

ಫ್ವಾ ಪ್ರಾಂತ್ಯದ ಕೌಂಟ್ ಗಾಸ್ತೋಂ ಫೀಬಸ್ 1387ರಲ್ಲಿ ಬೇಟೆಯ ಮೇಲೆ ಒಂದು ಗ್ರಂಥ ಬರೆಯಲು ಕೂತ. ಅದನ್ನು 15ನೇ ಶತಮಾನದ ಮೊದಲಲ್ಲಿ ಇಂಗ್ಲಿಷಿಗೆ ತಂದವನು ಯಾರ್ಕಿನ ಡ್ಯೂಕ್ ಎಡ್ವರ್ಡ್. ಮುಂದೆ 1415ರಲ್ಲಿ ಅಜಿನ್‌ಕೋರ್ ಕದನದಲ್ಲಿ ಸತ್ತವನು. ಅವರಿಗಿಂತ ಮೊದಲೇ ಚಾಸರ್ ಕವಿ ತನ್ನ ‘ಬುಕ್ ಆಫ್ ದ ಡಚೆಸ್’ ಕಾವ್ಯದ ಬೇಟೆಯ ವರ್ಣನೆಯಲ್ಲಿ ಈ ಪದವನ್ನು ಬಳಸಿದ್ದ. ಆ ಬೇಟೆಗಾರರಿಗೆ ನಾಯಿಯನ್ನು ಯಾವಾಗ ಬಿಡಬೇಕು ಎಂಬುದೇ ಒಂದು ಶಾಸ್ತ್ರ. ಮೊದಲ ಗುಂಪು ಬರುವ ಮುಂಚೆ ಬಿಟ್ಟರೆ ಅದಕ್ಕೆ ಬೇರೆ ಹೆಸರು, ಅದು ಹಾದುಹೋದ ಮೇಲೆ ಬಿಟ್ಟರಷ್ಟೇ ರಿಲೇ.

ಇಲ್ಲೊಂದು ಸೂಕ್ಷ್ಮ ಇದೆ, ಈ ಪದದ ಮುಂದಿನ ಬದುಕೆಲ್ಲ ಅದರ ಮೇಲೆ ನಿಂತಿದೆ. ಹಳೆಯ ನಾಯಿ ಹೊಸ ನಾಯಿಗೆ ಏನನ್ನೂ ಕೊಡುವುದಿಲ್ಲ. ಬಾಯಿಂದ ಬಾಯಿಗೆ ದಾಟುವ ವಸ್ತು ಯಾವುದೂ ಇಲ್ಲ. ದಣಿದದ್ದು ಹಿಂದೆ ಉಳಿಯುತ್ತದೆ, ತನ್ನದೇ ಕಸುವಿನ ಇನ್ನೊಂದು ಎದ್ದು ಓಡುತ್ತದೆ. ಮುಂದುವರಿಯುವುದು ಬೇಟೆ ಮಾತ್ರ.

ನಾಯಿಗಳಿಂದ ಈ ಮಾತು ಕುದುರೆಗಳಿಗೆ ದಾಟಿದಾಗ ಅರ್ಥ ಕೊಂಚ ವಾಲಿತು. ದೂರ ಪ್ರಯಾಣದಲ್ಲಿ ದಣಿದ ಕುದುರೆ ಬಿಟ್ಟು ಹೊಸ ಕುದುರೆ ಹತ್ತುವ ತಾಣ ‘ರಿಲೇ’ ಆಯಿತು. ಫ್ರಾನ್ಸಿನ ಹೆದ್ದಾರಿ ಬದಿಯ ಊಟದ ಮನೆಗಳ ಫಲಕಗಳಲ್ಲಿ ಈಗಲೂ ಆ ಪದ ಇದೆ. ಇಲ್ಲಿ ಕುದುರೆ ಬದಲಾದರೂ ಸವಾರ ಅವನೇ, ಚೀಲ ಅದೇ. ವ್ಯವಸ್ಥೆ ಪದಕ್ಕಿಂತ ಎಷ್ಟೋ ಹಳೆಯದು: ಪರ್ಷಿಯಾದ ದೊರೆಗಳ ಕುದುರೆ ಅಂಚೆಯನ್ನು ಹೆರೊಡೋಟಸ್ ಬೆರಗಿನಿಂದ ಬರೆದಿದ್ದಾನೆ.

ನಮ್ಮ ನಾಡಿನ ಸಂಗತಿ ಹೇಳಲು 14ನೇ ಶತಮಾನದ ಇಬ್ನ್ ಬತೂತ ಸಾಕು. ದೆಹಲಿ ಸುಲ್ತಾನರ ರಾಜ್ಯದಲ್ಲಿ ಎರಡು ಬಗೆಯ ಅಂಚೆ ಕಂಡೆ ಎನ್ನುತ್ತಾನೆ ಆತ, ಕುದುರೆಯದೊಂದು, ಕಾಲಾಳಿನದೊಂದು. ಕಾಲಾಳಿನದೇ ಹೆಚ್ಚು ಬಿರುಸು. ಒಂದು ಮೈಲಿಗೆ ಮೂರು ಕಟ್ಟೆ. ಓಡುವವನ ಒಂದು ಕೈಯಲ್ಲಿ ಕಾಗದ, ಇನ್ನೊಂದು ಕೈಯಲ್ಲಿ ತುದಿಗೆ ತಾಮ್ರದ ಗೆಜ್ಜೆ ಕಟ್ಟಿದ ಕೋಲು. ಗೆಜ್ಜೆ ಸದ್ದು ದೂರದಿಂದಲೇ ಕೇಳಿಸಿ ಮುಂದಿನ ಕಟ್ಟೆಯವನು ಸೊಂಟ ಬಿಗಿದು ಎದ್ದು ನಿಲ್ಲುತ್ತಾನೆ. ಸುಲ್ತಾನ ದೌಲತಾಬಾದಿನಲ್ಲಿದ್ದಾಗ ಅವನು ಕುಡಿಯುವ ಗಂಗೆಯ ನೀರು ನಲವತ್ತು ದಿನದ ಹಾದಿಯನ್ನು ಹೀಗೇ ಓಡಿ ಬರುತ್ತಿತ್ತಂತೆ. ಕಾಗದ ಸಾಗಿಸುವುದು ಕಾಲು, ಕಾಗದ ಬರುತ್ತಿದೆ ಎಂದು ಸಾರುವುದು ಗೆಜ್ಜೆ. ರಿಲೇಗೊಂದು ಇಂಡಿಕೇಟರ್ ಜೋಡಿಸುವ ಉಪಾಯ ವಿದ್ಯುತ್ತಿಗಾಗಿ ಕಾದಿರಲಿಲ್ಲ.

ಕನ್ನಡದಲ್ಲಿ ಇದಕ್ಕೆ ತನ್ನದೇ ಪದ ಇತ್ತು, ಇದೆ: ಅಂಚೆ. ಇಂದು ಅಂಚೆ ಎಂದರೆ ಕೆಂಪು ಡಬ್ಬ, ಪೋಸ್ಟ್‌ಮ್ಯಾನ್, ಉಳಿತಾಯ ಖಾತೆ. ಆದರೆ ಪಕ್ಕದ ತೆಲುಗಿನವರು ಒಂದೊಂದೇ ಹಂತ ಏರಿದ್ದನ್ನು ‘ಅಂಚೆಲಂಚೆಲುಗಾ’ ಎನ್ನುತ್ತಾರೆ. ಅಲ್ಲಿ ಅಂಚೆ ಎಂದರೆ ಹಂತ, ಕಟ್ಟೆ, ಬದಲಿ ಆಳು ಕಾಯುವ ಜಾಗ. ತಮಿಳರ ‘ಅಂಜಲ್’ ಕೂಡ ಇದರ ನೆಂಟನೇ. ಅಂದರೆ ಪದ ಹುಟ್ಟಿದ್ದು ಕಾಗದದಿಂದಲ್ಲ, ಕಾಗದ ಕೈ ಬದಲಿಸುವ ತಾಣದಿಂದ. ಹಳಗನ್ನಡದಲ್ಲಿ ಹಂಸಕ್ಕೂ ಅಂಚೆ ಎನ್ನುತ್ತಿದ್ದರು. ನಳನಿಗೂ ದಮಯಂತಿಗೂ ನಡುವೆ ಹಾರಿದ ಹಂಸವನ್ನು ನೆನೆದು ಎರಡನ್ನೂ ಗಂಟುಹಾಕುವ ಆಸೆ ಯಾರಿಗಾದರೂ ಆದೀತು. ಕಥೆ ಚೆನ್ನಾಗಿದೆ, ತೆಲುಗು ತಮಿಳಿನ ಸಾಕ್ಷಿ ಮಾತ್ರ ಒಪ್ಪುವುದಿಲ್ಲ. ಆ ಅಂಚೆ ಸಂಸ್ಕೃತದ ತದ್ಭವ. ಈ ಅಂಚೆ ಬೇರೆ.

ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು 1672ರಲ್ಲಿ ಅಂಚೆ ವ್ಯವಸ್ಥೆ ಕಟ್ಟಿದರು. ಅದು 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಸೇರಿಹೋಗುವ ತನಕ ನಡೆಯಿತು. ಆ ಅಂಚೆಯವರು ಕಾಗದದ ಜೊತೆಗೆ ಊರಿನ ಗುಟ್ಟುಗಳನ್ನೂ ಅರಮನೆಗೆ ಮುಟ್ಟಿಸುತ್ತಿದ್ದರೆಂದು ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ ಹೇಳುತ್ತಾನೆ. ಸುದ್ದಿ ಸಾಗಿಸುವವನು ಸುದ್ದಿಯನ್ನು ಕದ್ದು ಓದದೆ ಇದ್ದ ಕಾಲ ಯಾವುದೋ!

ಓಟದ ರಿಲೇಗೆ ವಯಸ್ಸು ಕಡಿಮೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಹೆಸರಾಂತ ‘ಪೆನ್ ರಿಲೇಸ್’ ಶುರುವಾದದ್ದು 1895ರಲ್ಲಿ. ನಾಲ್ಕು ಜನ ನೂರು ನೂರು ಮೀಟರ್ ಓಡುವ ಸ್ಪರ್ಧೆ ಒಲಿಂಪಿಕ್ಸಿಗೆ ಕಾಲಿಟ್ಟದ್ದು 1912ರ ಸ್ಟಾಕ್‌ಹೋಮಿನಲ್ಲಿ. 2010ರ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ಇದ್ದ ತಂಡ ನಾಲ್ಕು ನಾನೂರರ ರಿಲೇಯಲ್ಲಿ ಚಿನ್ನ ಗೆದ್ದ ಮೇಲೆ ಈ ಪದ ನಮ್ಮ ಶಾಲಾ ಮೈದಾನಗಳಲ್ಲಿ ಇನ್ನಷ್ಟು ಸಲೀಸಾಯಿತು. ಪತ್ರಿಕೆಗಳಲ್ಲಿ ‘ಸರದಿ ಉಪವಾಸ’ ಎಂದು ಬರುವುದೂ ಇದರ ಕುಡಿಯೇ. ಒಬ್ಬರು ಇವತ್ತು ಹಸಿದು ಕೂತರೆ ನಾಳೆ ಇನ್ನೊಬ್ಬರು. ಆಕಾಶವಾಣಿಯ ‘ರಿಲೇ ಕೇಂದ್ರ’ ಇನ್ನೊಂದು. ಓಟದಲ್ಲಿ ಕೈಯಿಂದ ಕೈಗೆ ಕೋಲು ದಾಟುತ್ತದೆ. ಕೋಲು ಬಿದ್ದರೆ ಓಟ ಮುಗಿದಂತೆಯೇ. ಹೀಗಾಗಿ ರಿಲೇ ಎಂದರೆ ಏನನ್ನೋ ಹಸ್ತಾಂತರಿಸುವುದು ಎಂಬ ಅರ್ಥ ನಮ್ಮ ತಲೆಯಲ್ಲಿ ಬೇರುಬಿಟ್ಟಿದೆ. ಕರೆಂಟಿನ ರಿಲೇ ಮುಂದೆ ಕೂತಾಗ ಎಡವುವುದು ಇದರಿಂದಲೇ.

ಟೆಲಿಗ್ರಾಫ್ ಹುಟ್ಟುವ ಹೊತ್ತಿನ ತೊಂದರೆ ಬೇಟೆಗಾರನದೇ ತೊಂದರೆ. ತಂತಿ ಉದ್ದವಾದಷ್ಟೂ ಕರೆಂಟು ಸೊರಗುತ್ತದೆ. ನೂರು ಮೈಲಿ ದಾಟಿ ಬಂದ ಕರೆಂಟಿಗೆ ಮೊಳೆ ಬಡಿದು ಗುರುತು ಒತ್ತುವ ಶಕ್ತಿ ಉಳಿದಿರುವುದಿಲ್ಲ. ಆದರೆ ತೆಳ್ಳನೆಯ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಕಾಯಿಲ್‌ನೊಳಗೆ ಹರಿಸಿದರೆ ಹಗುರವಾದ ಒಂದು ಕಬ್ಬಿಣದ ಪಟ್ಟಿಯನ್ನು ಕೂದಲೆಳೆಯಷ್ಟು ಎಳೆಯುವ ತ್ರಾಣ ಅದಕ್ಕೆ ಇರುತ್ತದೆ. ಅಷ್ಟು ಸಾಕು. ಆ ಪಟ್ಟಿ ಅಲುಗಿ ಎರಡು ಲೋಹದ ತುದಿಗಳನ್ನು ಕೂಡಿಸಿದರೆ ಅಲ್ಲಿಯೇ ಕಾದು ಕೂತ ಇನ್ನೊಂದು ಬ್ಯಾಟರಿಯ ಸರ್ಕಿಟ್ ಪೂರ್ತಿಯಾಗಿ, ಹೊಸ ಕರೆಂಟು ಮುಂದಿನ ನೂರು ಮೈಲಿಗೆ ಹೊರಡುತ್ತದೆ. ಹಳೆಯ ಕರೆಂಟು ಅಲ್ಲಿಗೇ ಮುಗಿಯಿತು. ಅದರ ಒಂದು ಹನಿಯೂ ಆಚೆ ದಾಟುವುದಿಲ್ಲ. ಹಗ್ಗ ಬಿಚ್ಚಿತು, ಹೊಸ ನಾಯಿ ಓಡಿತು. ಅಂಚೆಚೀಲಗಳ ಮಧ್ಯೆ ಮಸುಕಾಗಿದ್ದ ಪದದ ಮೊದಲ ಅರ್ಥ ತಂತಿಯವರ ಕೈಯಲ್ಲಿ ಮರಳಿ ಜೀವ ಪಡೆಯಿತು ಎಂದೇ ನನ್ನ ಎಣಿಕೆ. ಅವರಿಗೆ ಹಾಗೆಂದು ಗೊತ್ತಿರಲಿಕ್ಕಿಲ್ಲ. ಅವರ ಕಣ್ಣಮುಂದೆ ಇದ್ದದ್ದು ಕುದುರೆ ಅಂಚೆ.

ಈ ಉಪಾಯದ ತಂದೆ ಯಾರು ಎಂಬ ಜಗಳ ಇನ್ನೂ ಇದೆ. ಪ್ರಿನ್ಸ್‌ಟನ್‌ನಲ್ಲಿ ಪಾಠ ಹೇಳುತ್ತಿದ್ದ ಜೋಸೆಫ್ ಹೆನ್ರಿ 1835ರ ಸುಮಾರಿಗೆ ವಿದ್ಯಾರ್ಥಿಗಳೆದುರು ಒಂದು ಆಟ ತೋರಿಸುತ್ತಿದ್ದ: ದೊಡ್ಡ ವಿದ್ಯುತ್ಕಾಂತಕ್ಕೆ ಭಾರವಾದ ತೂಕ ತೂಗುಹಾಕಿ, ದೂರದಿಂದ ಬಂದ ಸಣ್ಣ ಕರೆಂಟಿನಿಂದ ಆ ಕಾಂತದ ಸರ್ಕಿಟ್ ಕಡಿದು ತೂಕವನ್ನು ಧೊಪ್ಪನೆ ಬೀಳಿಸುವುದು. ಲಂಡನ್ನಿನಲ್ಲಿ ವೈದ್ಯನೂ ರಸಾಯನಶಾಸ್ತ್ರಜ್ಞನೂ ಆಗಿದ್ದ ಎಡ್ವರ್ಡ್ ಡೇವಿ 1838ರಲ್ಲಿ ಪೇಟೆಂಟ್ ಪಡೆದ. ಅವನು ಇಟ್ಟ ಹೆಸರು ‘ಎಲೆಕ್ಟ್ರಿಕ್ ರಿನ್ಯೂವರ್’, ವಿದ್ಯುತ್ತನ್ನು ಹೊಸದಾಗಿಸುವುದು ಎಂದರ್ಥ. ಮರುವರ್ಷವೇ ಆಸ್ಟ್ರೇಲಿಯಾಕ್ಕೆ ಹೊರಟುಹೋದ. ಅವನ ಪದವೂ ಅವನ ಜೊತೆಗೇ ಹೋಯಿತು. ಅರ್ಥದ ಮಟ್ಟಿಗೆ ಅದೇ ಸರಿಯಾದ ಹೆಸರಾಗಿತ್ತು. ಆದರೆ ಮೋರ್ಸ್‌ನ ತಂತಿ 1844ರಲ್ಲಿ ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ಮಾತಾಡಿದ ಮೇಲೆ ತಂತಿಮನೆಗಳು ಬೆಳೆದ ರಭಸದಲ್ಲಿ ಗೆದ್ದದ್ದು ಜನರ ನಾಲಿಗೆಗೆ ಪರಿಚಯವಿದ್ದ ರಿಲೇ. ನಮ್ಮಲ್ಲಿ ಕಲ್ಕತ್ತೆಯ ಬಳಿ 1839ರಲ್ಲೇ ಪ್ರಯೋಗದ ತಂತಿ ಎಳೆದ ಓಶಾಗ್ನೆಸಿಯೂ ವೃತ್ತಿಯಿಂದ ವೈದ್ಯ. ತಂತಿಗೂ ವೈದ್ಯರಿಗೂ ಏನೋ ನಂಟು! ಅವನು ಶುರುಮಾಡಿದ ಸೇವೆ 2013ರ ಜುಲೈಯಲ್ಲಿ ನಿಂತಿತು. ರಿಲೇ ನಿಲ್ಲಲಿಲ್ಲ, ಬೈಕು, ಕಾರು, ಪಂಪ್‌ಸೆಟ್, ಫ್ರಿಜ್ಜುಗಳೊಳಗೆ ಟಿಕ್ ಎನ್ನುತ್ತ ಕೂತಿದೆ.

ಮೂಡಿಗೆರೆ ಕಡೆಯ ಒಂದು ಆಟೋ ಎಲೆಕ್ಟ್ರಿಕಲ್ ಅಂಗಡಿ. ಚಾರ್ಮಾಡಿ ಘಾಟಿ ಇಳಿಯುವವರಿಗೆ ಮಳೆಗಾಲದಲ್ಲಿ ಮಂಜಿನ ದೀಪ, ಅಂದರೆ ಫಾಗ್‌ಲ್ಯಾಂಪ್, ಬೇಕೇ ಬೇಕು. ಹನ್ನೆರಡು ವೋಲ್ಟಿನಲ್ಲಿ 55 ವ್ಯಾಟಿನ ಎರಡು ಬಲ್ಬು ಉರಿದರೆ ಒಂಬತ್ತು ಆಂಪಿಯರ್‌ಗೂ ಮೇಲೆ ಕರೆಂಟು ಎಳೆಯುತ್ತವೆ. ಡ್ಯಾಶ್‌ಬೋರ್ಡಿನ ಪುಟ್ಟ ಸ್ವಿಚ್ಚಿನ ಮೂಲಕ ಅಷ್ಟನ್ನು ಹರಿಸಿದರೆ ಸ್ವಿಚ್ಚು ಕರಗುತ್ತದೆ. “ರಿಲೆ ಹಾಕ್ಸಿ ಸಾರ್, ಇಲ್ದಿದ್ರೆ ನಾಳೆ ವಾಪಸ್ ಬರ್ತೀರ” ಎಂದು ಮೇಸ್ತ್ರಿ ಹೇಳುವುದು ಅದಕ್ಕೇ. ರಿಲೇಯ ಕಾಯಿಲ್ ಕೇಳುವುದು ಕಾಲು ಆಂಪಿಯರ್‌ಗಿಂತ ಕಡಿಮೆ.

ಬೆಂಕಿಪೊಟ್ಟಣಕ್ಕಿಂತ ಸಣ್ಣ ಕಪ್ಪು ಡಬ್ಬಿ, ಅಡಿಯಲ್ಲಿ ನಾಲ್ಕು ಕಾಲು. ಕಾಲುಗಳ ಪಕ್ಕ ಜರ್ಮನ್ ಮಾನಕದ ಅಂಕಿಗಳು: 30, 85, 86, 87. ಬ್ಯಾಟರಿಯಿಂದ ಫ್ಯೂಸ್ ದಾಟಿ ಬಂದ ದಪ್ಪ ವೈರು 30ಕ್ಕೆ. ದೀಪಕ್ಕೆ ಹೋಗುವ ದಪ್ಪ ವೈರು 87ರಿಂದ. ಸ್ವಿಚ್ಚಿನಿಂದ ಬಂದ ಸಣ್ಣ ವೈರು 86ಕ್ಕೆ, ಬಾಡಿ ಅರ್ತು 85ಕ್ಕೆ. ಸ್ವಿಚ್ಚು ಒತ್ತಿದರೆ 85-86ರ ನಡುವಿನ ಕಾಯಿಲ್ ಎಚ್ಚತ್ತು ಒಳಗಿನ ಪಟ್ಟಿಯನ್ನು ಎಳೆಯುತ್ತದೆ, 30ಕ್ಕೂ 87ಕ್ಕೂ ಸಂಪರ್ಕವಾಗುತ್ತದೆ. ಉಳಿದದ್ದು ಡ್ಯಾಶ್‌ಬೋರ್ಡಿನ ಮೇಲೆ ಕಡಲೆಕಾಳಿನಷ್ಟು ಹಸಿರು ದೀಪ. ಹೊರಗಿನ ಫಾಗ್‌ಲ್ಯಾಂಪ್ ಉರಿಯುತ್ತಿದೆ ಎಂದು ಒಳಗೆ ಕೂತವನಿಗೆ ಹೇಳಲಿಕ್ಕೆ. ಕೆಲಸ ಕಲಿಯಲು ಬಂದ ಹುಡುಗ ಅದರ ವೈರನ್ನು ಸಿಕ್ಕಿಸಿ ಎದ್ದಿದ್ದ.

“ಎಲ್ಲಿಂದ ಎತ್ಕೊಂಡ್ಯೋ ಲೈಟಿಗೆ?” ಮೇಸ್ತ್ರಿ ಕೇಳಿದ.

“ಸ್ವಿಚ್ಚಿಂದ್ಲೇ ಅಣ್ಣ. ಹತ್ರ ಇತ್ತಲ್ಲ.”

“ಹತ್ರ ಇದ್ರೆ ಆಗೋಯ್ತಾ? ಆ ರಿಲೆ ಕಿತ್ತಾಕು ನೋಡಾಣ.”

ಹುಡುಗ ಸಾಕೆಟ್ಟಿನಿಂದ ರಿಲೇ ಎಳೆದು ಕೈಯಲ್ಲಿ ಹಿಡಿದ. ಮೇಸ್ತ್ರಿ ಸ್ವಿಚ್ಚು ಒತ್ತಿದ. ಹಸಿರು ದೀಪ ಜಂಬದಿಂದ ಬೆಳಗಿತು. ಮುಂದಿನ ಫಾಗ್‌ಲ್ಯಾಂಪು ಎರಡೂ ಕತ್ತಲು.

“ನೋಡು, ಸುಳ್ಳು ಹೇಳ್ತಾ ಐತೆ. ಎಂಬತ್ತೇಳಕ್ಕೆ ಕೊಡು.”

ಸ್ವಿಚ್ಚಿಗೆ ಅಂಟಿಸಿದ ದೀಪ, ಅಂದರೆ 86ರಲ್ಲಿ ಕುಳಿತ ದೀಪ, ಅಪ್ಪಣೆ ಹೊರಟಿತು ಎಂದು ಮಾತ್ರ ಹೇಳುತ್ತದೆ. ರಿಲೇ ಎತ್ತಿತೋ ಇಲ್ಲವೋ, ಒಳಗಿನ ಪಾಯಿಂಟು ಸುಟ್ಟಿದೆಯೋ, ದೊಡ್ಡ ಫ್ಯೂಸ್ ಹೋಗಿದೆಯೋ ಅದಕ್ಕೆ ತಿಳಿಯದು. 87ಕ್ಕೆ ಕೊಟ್ಟ ದೀಪಕ್ಕೆ ತಿಳಿಯುತ್ತದೆ, ಯಾಕೆಂದರೆ ಅದು ಉರಿಯುವುದೇ ಆಚೆ ಬದಿಯ ಹೊಸ ಕರೆಂಟಿನಿಂದ. ಹಾಗೆ ಕೊಡಬೇಕಾದರೆ ಬಾನೆಟ್ಟಿನ ಕೆಳಗಿನಿಂದ ಡ್ಯಾಶ್‌ಬೋರ್ಡಿನ ತನಕ ಇನ್ನೊಂದು ತೆಳು ವೈರು ಎಳೆಯಬೇಕು, ಅದಕ್ಕೊಂದು ಸಣ್ಣ ಫ್ಯೂಸ್ ಹಾಕಬೇಕು. ಹುಡುಗ ತಪ್ಪಿಸಲು ನೋಡಿದ್ದು ಆ ಅರ್ಧ ಗಂಟೆಯ ಕೆಲಸವನ್ನು. ಕಾಯಿಲ್‌ಗೆ ಅಡ್ಡವಾಗಿ ಎಲ್ಇಡಿ ಕೂರಿಸುವುದರಲ್ಲಿ ಇನ್ನೊಂದು ಅಪಾಯವೂ ಉಂಟು. ಸ್ವಿಚ್ಚು ಆಫ್ ಮಾಡಿದ ಕ್ಷಣ ಕಾಯಿಲ್‌ನ ಕಾಂತಕ್ಷೇತ್ರ ಕುಸಿದು ಉಲ್ಟಾ ದಿಕ್ಕಿನ ವೋಲ್ಟೇಜು ಚಿಮ್ಮುತ್ತದೆ. ಹಳೆಯ ಫಿಲಮೆಂಟ್ ಬಲ್ಬು ಅದನ್ನು ನುಂಗಿಕೊಳ್ಳುತ್ತಿತ್ತು, ಎಲ್ಇಡಿಗೆ ಆ ಪೆಟ್ಟು ತಡೆಯುವ ಶಕ್ತಿ ಕಡಿಮೆ. ಡಯೋಡ್ ಒಂದನ್ನು ಅಡ್ಡ ಹಾಕುವುದು ಅದಕ್ಕಾಗಿ. ಹಾಗೆಂದು 87ರ ದೀಪ ಹರಿಶ್ಚಂದ್ರನೇನೂ ಅಲ್ಲ. ಫಾಗ್‌ಲ್ಯಾಂಪಿನ ಎರಡೂ ಬಲ್ಬು ಹೋಗಿದ್ದರೂ ಅದು ಉರಿಯುತ್ತಲೇ ಇರುತ್ತದೆ. ಕರೆಂಟು ಹೊಸ್ತಿಲ ತನಕ ಬಂದಿದೆ ಎಂಬಷ್ಟಕ್ಕೆ ಅದರ ಸಾಕ್ಷಿ.

ಇಂಡಿಕೇಟರ್ ಎಂಬ ಪದದ ವಂಶವೃಕ್ಷ ನಮ್ಮ ಮನೆಯಂಗಳಕ್ಕೇ ಬರುತ್ತದೆ. ಲ್ಯಾಟಿನ್ನಿನಲ್ಲಿ ತೋರಿಸು ಎಂಬ ಅರ್ಥದ ಕ್ರಿಯಾಪದ ಅದರ ಅಜ್ಜ. ತೋರುಬೆರಳಿಗೆ ಅವರು ಹೇಳುವ ‘ಇಂಡೆಕ್ಸ್’ ಅದರ ಹತ್ತಿರದ ಬಂಧು. ಅದಕ್ಕೂ ಹಿಂದಿನ ಧಾತು ಸಂಸ್ಕೃತದ ‘ದಿಶ್’ ಜೊತೆ ಒಂದೇ ಮನೆತನದ್ದು. ದಿಕ್ಕು, ದಿಶೆ, ನಿರ್ದೇಶ, ಆದೇಶ, ಸಂದೇಶ ಎಲ್ಲವೂ ಆ ಮನೆಯ ಮಕ್ಕಳು. ನಮ್ಮ ಬೀದಿಯಲ್ಲಿ ಇಂಡಿಕೇಟರ್ ಎಂದರೆ ಯಾರೂ ಡ್ಯಾಶ್‌ಬೋರ್ಡಿನ ದೀಪವನ್ನು ನೆನೆಯುವುದಿಲ್ಲ; “ಇಂಡಿಕೇಟರ್ ಹಾಕ್ದೇ ತಿರುಗಿಸ್ತಾನೆ ನೋಡಿ” ಎಂದು ಬೈಯುವಾಗ ಅದು ದಿಕ್ಕು ತೋರುವ ದೀಪವೇ. ಅದರೊಳಗೂ ಒಂದು ರಿಲೇ ಇದೆ, ಫ್ಲಾಷರ್ ರಿಲೇ ಎನ್ನುತ್ತಾರೆ. ಒಂದು ಬದಿಯ ಬಲ್ಬು ಸುಟ್ಟುಹೋದರೆ ಟಿಕ್ ಟಿಕ್ ಸದ್ದು ದುಪ್ಪಟ್ಟು ಬಿರುಸಾಗುತ್ತದೆ. ಕೆಟ್ಟುಹೋಯಿತೆಂದು ರಿಲೇಯನ್ನು ಶಪಿಸುವವರು ಉಂಟು. ಪಾಪ, ಅದು ಬಲ್ಬಿನ ಸಾವನ್ನು ವರದಿ ಮಾಡುತ್ತಿರುತ್ತದೆ. ಈಚಿನ ಕಾರುಗಳಲ್ಲಿ ರಿಲೇಯ ಜಾಗದಲ್ಲಿ ಎಲೆಕ್ಟ್ರಾನಿಕ್ಸ್ ಕೂತಿದೆ, ಟಿಕ್ ಟಿಕ್ ಮಾತ್ರ ಸ್ಪೀಕರಿನಿಂದ ಬರುತ್ತದೆ.

ಲೆಕ್ಕದ ಲೋಕಕ್ಕೂ ಈ ಪದ ಒಮ್ಮೆ ಹೋಗಿ ಬಂದಿದೆ. ಎರಡು ರಿಲೇಗಳ ಸಂಪರ್ಕವನ್ನು ಸಾಲಾಗಿ ಜೋಡಿಸಿದರೆ ಎರಡೂ ಎತ್ತಿದಾಗ ಮಾತ್ರ ದೀಪ ಉರಿಯುತ್ತದೆ. ಅಕ್ಕಪಕ್ಕ ಜೋಡಿಸಿದರೆ ಯಾವುದೊಂದು ಎತ್ತಿದರೂ ಸಾಕು. ‘ಮತ್ತು’, ‘ಅಥವಾ’ ಎಂಬ ಎರಡು ಅವ್ಯಯಗಳು ತಾಮ್ರದಲ್ಲಿ ಮೂಡಿದ ಹಾಗೆ. ಕ್ಲಾಡ್ ಶಾನನ್ ಎಂಬ ತರುಣ 1937ರಲ್ಲಿ ಎಂಐಟಿಗೆ ಒಪ್ಪಿಸಿದ ಎಂ.ಎಸ್. ಪ್ರಬಂಧ ಇದರ ಮೇಲೆಯೇ. ಬರ್ಲಿನ್ನಿನಲ್ಲಿ ಕೊನ್ರಾಡ್ ತ್ಸೂಸೆ 1941ರಲ್ಲಿ ಓಡಿಸಿ ತೋರಿಸಿದ ಗಣಕದ ತುಂಬ ರಿಲೇಗಳೇ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ಮಾರ್ಕ್ 2 ಗಣಕದ 70ನೇ ನಂಬರಿನ ರಿಲೇಯಲ್ಲಿ ಒಂದು ಪತಂಗ ಸಿಕ್ಕಿಬಿದ್ದಿತ್ತು. ಅದನ್ನು ದಿನಚರಿ ಪುಸ್ತಕಕ್ಕೆ ಟೇಪಿನಲ್ಲಿ ಅಂಟಿಸಿಟ್ಟರು. ಸಾಫ್ಟ್‌ವೇರಿನವರ ‘ಬಗ್’ ಅಲ್ಲಿಯೇ ಹುಟ್ಟಿತು ಎಂಬ ಪ್ರತೀತಿ ಇದೆ. ಅದು ನಿಜವಲ್ಲ; ಯಂತ್ರದ ದೋಷಕ್ಕೆ ಆ ಹೆಸರು ಎಡಿಸನ್ನನ ಕಾಲಕ್ಕೇ ಬಳಕೆಯಲ್ಲಿತ್ತು, ಪತಂಗವನ್ನು ಅಂಟಿಸಿದವರು ಅದನ್ನೇ ತಮಾಷೆ ಮಾಡಿದ್ದು.

ರೈಲ್ವೆಯವರು ರಿಲೇಯನ್ನು ನಂಬಿದಷ್ಟು ಇನ್ನಾರೂ ನಂಬಿಲ್ಲ, ಅನುಮಾನಿಸಿದಷ್ಟೂ ಇನ್ನಾರೂ ಅನುಮಾನಿಸಿಲ್ಲ. ಅವರ ಸಿಗ್ನಲ್ ರಿಲೇಗಳಲ್ಲಿ ಪಟ್ಟಿ ತನ್ನ ಭಾರಕ್ಕೇ ಕೆಳಗೆ ಬೀಳುವಂತೆ ಮಾಡಿರುತ್ತಾರೆ. ವೈರು ತುಂಡಾದರೂ ಕರೆಂಟು ಹೋದರೂ ಅದು ಬೀಳಲೇಬೇಕು, ಬಿದ್ದರೆ ಸಿಗ್ನಲ್ ಕೆಂಪಾಗಬೇಕು. ಮೂಡಿಗೆರೆಯ ಹುಡುಗನಿಗೆ ಬಂದ ಪ್ರಶ್ನೆ ಅಲ್ಲಿಯೂ ಇದ್ದದ್ದೇ. ಸ್ಟೇಷನ್ ಮಾಸ್ಟರ್ ಬಟನ್ ಒತ್ತಿದರು, ರಿಲೇ ಎತ್ತಿತು, ಸಂಪರ್ಕವೂ ಆಯಿತು. ಎರಡು ಕಿಲೋಮೀಟರ್ ಆಚೆ ಕಂಬದ ಮೇಲಿನ ಬಲ್ಬು ಉರಿಯಿತೇ? ಇದಕ್ಕೆ ಅವರು ಬಲ್ಬಿಗೆ ಹೋಗುವ ಕರೆಂಟನ್ನೇ ಇನ್ನೊಂದು ರಿಲೇಯ ಕಾಯಿಲ್ ಮೂಲಕ ಹಾಯಿಸುತ್ತಾರೆ. ಬಲ್ಬು ಉರಿಯುತ್ತಿದ್ದರೆ ಮಾತ್ರ ಆ ಕರೆಂಟು ಹರಿಯುತ್ತದೆ, ಹರಿದರೆ ಮಾತ್ರ ಈ ರಿಲೇ ಎತ್ತಿಕೊಂಡಿರುತ್ತದೆ, ಎತ್ತಿಕೊಂಡಿದ್ದರೆ ಮಾತ್ರ ಪ್ಯಾನೆಲ್ಲಿನ ಮೇಲೆ ಸಿಗ್ನಲ್ಲಿನ ಗುರುತು ಬೆಳಗುತ್ತದೆ. ಅದಕ್ಕೆ ದೀಪ ಪರೀಕ್ಷಿಸುವ ರಿಲೇ ಎಂದೇ ಹೆಸರು. ಕೆಂಪು ಸಿಗ್ನಲ್ಲಿನ ಬಲ್ಬು ನಡುರಾತ್ರಿ ಸುಟ್ಟುಹೋದರೆ ಆ ರಿಲೇ ಬೀಳುತ್ತದೆ, ಅದು ಬಿದ್ದದ್ದರಿಂದ ಹಿಂದಿನ ಸಿಗ್ನಲ್ ತಾನಾಗಿ ಕೆಂಪಾಗುತ್ತದೆ. ಕತ್ತಲಾದ ಕಂಬದ ಹತ್ತಿರಕ್ಕೂ ಬಾರದೆ ರೈಲು ಒಂದು ಸಿಗ್ನಲ್ ಹಿಂದೆಯೇ ನಿಲ್ಲುತ್ತದೆ.